ಕೆಂಪು ಹಿಂಡು: ಮರಲ ಮೀನಿನ ಪಾಠ

ಮಿರಗದ ಮಳೆ ಬಿದ್ದು ಹದಿನೈದು ದಿನ ಆಗಿತ್ತು. ಕೃಷ್ಣಾ ಹೊಳೆಯ ಮಗ್ಗುಲಿಗೆ ಒಂದು ಮಡು. ಮಡುವಿನಲ್ಲಿ ನಿಂತ ನೀರು. ದಂಡೆಯ ತುಂಬ ಜೇಕು, ಆಪು. ಅಲ್ಲಿ ಅತ್ತೆ ಸೊಸೆ ಬಟ್ಟೆ ಒಗೆಯುತ್ತಿದ್ದರು. ಜೊತೆಗೆ ಸೊಸೆಯ ಮಗಳೂ ಬಂದಿದ್ದಳು.

ಹುಡುಗಿ ಒಮ್ಮೆಲೇ ಕೂಗಿದಳು.

“ಆಯೀ, ಅಲ್ಲಿ ನೋಡು! ನೀರಾಗ ಕುಂಕುಮ ಚೆಲ್ಲಿದಂಗ ಆಗೈತಿ!”

ಎಲ್ಲರೂ ನೋಡಿದರು. ಜೇಕಿನ ಮಗ್ಗುಲಿಗೆ ನೀರು ಕೆಂಪಗೆ ಕಾಣುತ್ತಿತ್ತು. ಆ ಕೆಂಪು ಬಣ್ಣ ನಿಂತಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಮುಂದೆ ಸರಿಯಿತು. ನಡುನಡುವೆ ನೀರು ಎಸರು ಕುದಿದ ಹಾಗೆ ಬುಳುಬುಳು ಎನ್ನುತ್ತಿತ್ತು.

“ಅತ್ತೀ, ಅವು ಮೀನಿನ ಮರಿ ಅದಾವ್ರಿ. ಸೀರಿ ಸೆರಗು ಹಿಡಿದರ ಒಂದ ಸಲಕ್ಕ ಎಲ್ಲಾ ಬರ್ತಾವ,” ಎಂದಳು ಸೊಸೆ.

ಆಯಿ ಅವಳ ಕೈ ಹಿಡಿದಳು.

“ಬ್ಯಾಡವಾ, ಬಿಡು. ಅವು ಮರಲಿನ ಮರಿ. ಅವರವ್ವ ಅಪ್ಪ ಕೆಳಗ ಕಾವಲ ಅದಾವು. ಈಗ ಹಿಡಿದರ ಹಿಡಿ ತುಂಬ ಸಿಗತಾವು. ಬಿಟ್ಟರ ಮುಂದ ಊರ ತುಂಬ ಸಿಗತಾವು.”

ಆಯಿ ಶಾಲೆ ಕಲಿತವಳಲ್ಲ. ಆದರೆ ಅವಳ ಮಾತಿನಲ್ಲಿ ಅರ್ಥ ಇದೆ. ಆ ಕೆಂಪು ಹಿಂಡು ಯಾವುದು? ಕೆಳಗೆ ಕಾವಲು ಇರುವ ಮೀನು ಎಂಥದು? ಅದನ್ನು ಗುರುತಿಸುವುದು ಹೇಗೆ? ಬನ್ನಿ, ಈ ಪಾಠದಲ್ಲಿ ತಿಳಿಯೋಣ.

ನಮ್ಮಲ್ಲಿ ಮೀನು ತಿನ್ನುವವರು ಇದ್ದೇವೆ. ಮೀನು ಮುಟ್ಟದವರೂ ಇದ್ದೇವೆ. ಆದರೆ ಹೊಳೆ ಎಲ್ಲರದು. ಆದ್ದರಿಂದ ಈ ಪಾಠವೂ ಎಲ್ಲರದು.

ಒಂದೇ ಮೀನು, ಹಲವು ಹೆಸರು

ಈ ಮೀನಿಗೆ ಒಂದೊಂದು ಕಡೆ ಒಂದೊಂದು ಹೆಸರು. ಕೆಲವರು ಮರಲ ಎನ್ನುತ್ತಾರೆ. ಮರಾಠಿ ಮಾತಾಡುವವರು ಮರಳ ಎನ್ನುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ ಕಡೆ ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಮೈಸೂರು ಕಡೆಯವರು ಕುಚ್ಚು ಮೀನು ಎನ್ನುತ್ತಾರೆ. ಕೊರವ ಎನ್ನುವವರೂ ಇದ್ದಾರೆ. ತೆಲುಗಿನಲ್ಲಿ ಇದು ಕೊರ್ರಮೀನು. ತೆಲಂಗಾಣ ಸರ್ಕಾರ ಇದನ್ನು ತನ್ನ ರಾಜ್ಯದ ಮೀನು ಎಂದು ಆರಿಸಿಕೊಂಡಿದೆ.

ಹೆಸರು ಹಲವು ಇದ್ದಾಗ ಸಂತೆಯಲ್ಲಿ ಗೊಂದಲ ಆಗುತ್ತದೆ. ಒಬ್ಬರು ಒಂದು ಕೇಳುತ್ತಾರೆ, ಇನ್ನೊಬ್ಬರು ಬೇರೊಂದು ಕೊಡುತ್ತಾರೆ. ಅದಕ್ಕೇ ಹೆಸರಿಗಿಂತ ಗುರುತು ಮುಖ್ಯ.

ಗುರುತು ಹಿಡಿಯುವುದು ಹೇಗೆ?

ಮೊದಲು ತಲೆ ನೋಡಿ. ಮರಲಿನ ತಲೆ ಚಪ್ಪಟೆ. ಹಾವಿನ ತಲೆಯ ಹಾಗೆ ಕಾಣುತ್ತದೆ. ತಲೆಯ ಮೇಲೂ ದೊಡ್ಡ ದೊಡ್ಡ ಹುರುಪೆ ಇರುತ್ತವೆ.

ಬಾಯಿ ನೋಡಿ. ಬಾಯಿ ದೊಡ್ಡದು, ಅಗಲ. ಒಳಗೆ ಚೂಪಾದ ಹಲ್ಲು. ಬಾಯಿಯ ಹತ್ತಿರ ಮೀಸೆ ಇಲ್ಲ.

ಮೈ ನೋಡಿ. ಮೈ ಉದ್ದ, ಗುಂಡಗೆ. ಒನಕೆಯ ತುಂಡಿನ ಹಾಗೆ. ಬೆನ್ನು ಕಪ್ಪು ಅಥವಾ ಕಂದು. ಹೊಟ್ಟೆ ಬಿಳಿ. ಮಗ್ಗುಲಿಗೆ ಓರೆಯಾಗಿ ಕಪ್ಪು ಪಟ್ಟೆ ಇರುತ್ತವೆ.

ಬೆನ್ನಿನ ಈಜುರೆಕ್ಕೆ ನೋಡಿ. ಅದು ಒಂದೇ. ತಲೆಯ ಹಿಂದಿನಿಂದ ಬಾಲದ ತನಕ ಉದ್ದಕ್ಕೆ ಹೋಗುತ್ತದೆ. ಹೊಟ್ಟೆಯ ಕೆಳಗೂ ಉದ್ದನೆಯ ರೆಕ್ಕೆ ಇದೆ. ಬಾಲದ ತುದಿ ದುಂಡಗೆ ಇರುತ್ತದೆ. ಕಟ್ಲಾ, ರೋಹು ಮೀನಿನ ಬಾಲದ ಹಾಗೆ ಎರಡು ಕವಲು ಇರುವುದಿಲ್ಲ.

ಈಗ ಒಂದೊಂದೇ ಬೆರಳು ಮಡಚಿ ಎಣಿಸೋಣ. ಹಾವಿನ ತಲೆ ಒಂದು. ಮೀಸೆ ಇಲ್ಲದ ದೊಡ್ಡ ಬಾಯಿ ಎರಡು. ಮೈ ತುಂಬ ಹುರುಪೆ ಮೂರು. ಉದ್ದನೆಯ ಬೆನ್ನಿನ ರೆಕ್ಕೆ ನಾಲ್ಕು. ದುಂಡು ಬಾಲ ಐದು. ಐದೂ ಕೂಡಿದರೆ ಅದು ಮರಲ ಜಾತಿಯ ಮೀನು.

ಇದೇ ಕುಲದ ಬೇರೆ ಮೀನುಗಳೂ ಇವೆ. ಒಂದು ಹೂವಿನ ಮರಲ. ಇದು ಎಲ್ಲಕ್ಕಿಂತ ದೊಡ್ಡದು. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ಇದರ ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು. ಬೊಟ್ಟಿನ ಸುತ್ತ ಕಿತ್ತಳೆ ಬಣ್ಣದ ಅಂಚು. ನೋಡಿದರೆ ಬಾಲಕ್ಕೆ ಕಣ್ಣು ಇದ್ದ ಹಾಗೆ ಕಾಣುತ್ತದೆ. ಇನ್ನೊಂದು ಸಣ್ಣ ಕೊರವ. ಇದು ಹೆಚ್ಚೆಂದರೆ ಗೇಣುದ್ದ, ಇಲ್ಲವೇ ಸ್ವಲ್ಪ ಜಾಸ್ತಿ. ಮೈ ಮೇಲೆ ಕಪ್ಪು ಚುಕ್ಕೆ ಇರುತ್ತವೆ. ಎಲ್ಲವೂ ಒಂದೇ ಮನೆತನದವು. ನಡತೆಯೂ ಹೆಚ್ಚುಕಡಿಮೆ ಒಂದೇ.

ಗಾಳಿ ಕುಡಿಯುವ ಮೀನು

ಎಲ್ಲ ಮೀನುಗಳೂ ಕಿವಿರಿನಿಂದ ಉಸಿರಾಡುತ್ತವೆ. ನೀರಿನಲ್ಲಿ ಬೆರೆತ ಗಾಳಿಯನ್ನು ಕಿವಿರು ತೆಗೆದುಕೊಳ್ಳುತ್ತದೆ. ಮರಲಿಗೂ ಕಿವಿರು ಇದೆ. ಆದರೆ ಅದಕ್ಕೆ ಅಷ್ಟು ಸಾಲದು. ಕಿವಿರಿನ ಮೇಲ್ಗಡೆ, ತಲೆಯೊಳಗೆ ಒಂದು ಸಣ್ಣ ಕೋಣೆ ಇದೆ. ಮರಲ ಮೇಲೆ ಬಂದು ಬಾಯಿ ತೆರೆಯುತ್ತದೆ. ಒಂದು ಗುಟುಕು ಗಾಳಿ ನುಂಗುತ್ತದೆ. ಆ ಗಾಳಿ ಆ ಕೋಣೆಗೆ ಹೋಗುತ್ತದೆ.

ಇದರಿಂದ ಎರಡು ವಿಚಿತ್ರ ಆಗುತ್ತವೆ.

ಮೊದಲನೆಯದು. ಮರಲ ನೀರಿನ ಹೊರಗೂ ಬಹಳ ಹೊತ್ತು ಬದುಕುತ್ತದೆ. ಮೈ ಹಸಿಯಾಗಿ ಇದ್ದರೆ ಸಾಕು. ಸಂತೆಯಲ್ಲಿ ಬುಟ್ಟಿಯೊಳಗೆ ಹಸಿ ಗೋಣಿಚೀಲದ ಕೆಳಗೆ ಮಿಸುಕಾಡುವ ಮೀನು ನೋಡಿದ್ದೀರಲ್ಲ? ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಇದು ಕೆಸರಿನೊಳಗೆ ಹುದುಗಿ ಕೂರುತ್ತದೆ. ಮಳೆ ಬಂದು ನೀರು ನಿಂತಾಗ ಎದ್ದು ಬರುತ್ತದೆ. ಅಥಣಿಯ ಮೂಡಲ ಕಡೆ ಕೆರೆಗಳು ಬೇಗ ಬತ್ತುತ್ತವೆ. ಅಂಥ ಕಡೆ ಬದುಕಲು ಈ ಗುಣ ಬೇಕು.

ಎರಡನೆಯದು ಕೇಳಿದರೆ ನಗು ಬರುತ್ತದೆ. ಈ ಮೀನು ನೀರಿನಲ್ಲಿ ಮುಳುಗಿ ಸಾಯಬಲ್ಲದು! ಮುಳುಗಿದ ಬಲೆಯಲ್ಲಿ ಸಿಕ್ಕಿಕೊಂಡರೆ ಅದು ಮೇಲೆ ಬರಲಾರದು. ಗಾಳಿ ಸಿಗದೆ ಉಸಿರು ಕಟ್ಟಿ ಸಾಯುತ್ತದೆ.

ಇಲ್ಲಿ ನಾವು ಒಂದು ಮಾತು ತಿಳಿಯಬೇಕು. ಹೊಲಸು ನೀರಿನಲ್ಲಿ ಬೇರೆ ಮೀನು ಸತ್ತು ತೇಲಿದರೂ ಮರಲ ಬದುಕಿ ಇರಬಹುದು. ಅದು ಮೇಲಿನ ಗಾಳಿ ಕುಡಿಯುತ್ತದೆ. “ಮೀನು ಆಡತಾವ, ನೀರು ಚಲೋ ಐತಿ” ಎಂದು ಮರಲ ನೋಡಿ ಹೇಳಬಾರದು. ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯೋಣ.

ಬೇಟೆಗಾರ ಮೀನು

ಮರಲ ಹುಲ್ಲು ಪಾಚಿ ತಿನ್ನುವ ಮೀನಲ್ಲ. ಇದು ಬೇಟೆಗಾರ. ಸಣ್ಣ ಮೀನು, ಕಪ್ಪೆ, ಕಪ್ಪೆಮರಿ, ಎರೆಹುಳು, ನೀರಿನ ಹುಳ ಎಲ್ಲ ತಿನ್ನುತ್ತದೆ.

ಇದು ಬೆನ್ನು ಹತ್ತಿ ಓಡುವುದು ಕಡಿಮೆ. ಹೊಂಚು ಹಾಕುವುದು ಹೆಚ್ಚು. ಜೇಕಿನ ನಡುವೆ ಕಟ್ಟಿಗೆಯ ತುಂಡಿನ ಹಾಗೆ ಸುಮ್ಮನೆ ನಿಂತಿರುತ್ತದೆ. ಬಣ್ಣವೂ ಕೆಸರಿನ ಬಣ್ಣ. ಕಪ್ಪೆ ಹತ್ತಿರ ಬಂತೆಂದರೆ ಒಮ್ಮೆಲೇ ಬಾಯಿ ತೆರೆದು ನುಂಗುತ್ತದೆ. ದೊಡ್ಡ ಮರಲ ಒಂಟಿಯಾಗಿ ಇರುತ್ತದೆ. ತನ್ನ ಜಾಗಕ್ಕೆ ಬೇರೆಯವರನ್ನು ಸೇರಿಸುವುದಿಲ್ಲ.

ಕಡಲಲ್ಲಿ ಬೇರೆ ರೀತಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮುರುಡೇಶ್ವರ ಇದೆ. ಅದರ ಎದುರು ಕಡಲಲ್ಲಿ ನೇತ್ರಾಣಿ ಎಂಬ ನಡುಗಡ್ಡೆ ಇದೆ. ಅಲ್ಲಿ ನೀರಿನ ಕೆಳಗೆ ಹವಳದ ಬಂಡೆಗಳಿವೆ. ಹವಳದ ಬಂಡೆಯ ಸುತ್ತ ಇರುವ ಕೆಲವು ಬೇಟೆಗಾರ ಮೀನುಗಳು ದೊಡ್ಡವಾದರೂ ಹಿಂಡು ಬಿಡುವುದಿಲ್ಲ. ಹಿಂಡಾಗಿ ಸುತ್ತುವರಿದು ಸಣ್ಣ ಮೀನುಗಳನ್ನು ಬೇಟೆಯಾಡುತ್ತವೆ.

ನಮ್ಮ ಹೊಳೆಯ ಮರಲ ಹಾಗಲ್ಲ. ಅದು ದೊಡ್ಡದಾದ ಮೇಲೆ ಒಂಟಿ. ಸಣ್ಣದಿದ್ದಾಗ ಮಾತ್ರ ಹಿಂಡು. ಹಿಂಡು ಇರುವುದು ಬೇಟೆಗೆ ಅಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ.

ಗೂಡು, ಮೊಟ್ಟೆ, ಕೆಂಪು ಹಿಂಡು

ಮಳೆಗಾಲ ಬಂತೆಂದರೆ ಹೊಸ ನೀರು ಬರುತ್ತದೆ. ಕೆರೆ, ಮಡು, ಹಳ್ಳದ ಅಂಚು, ಗದ್ದೆಯ ಬದುವಿನ ಹತ್ತಿರ ನೀರು ನಿಲ್ಲುತ್ತದೆ. ಗಂಡು ಹೆಣ್ಣು ಮರಲ ಅಂಥ ತೆಳು ನೀರಿಗೆ ಬರುತ್ತವೆ. ಜೇಕಿನ ನಡುವೆ ಒಂದಿಷ್ಟು ಜಾಗ ಹಸನು ಮಾಡುತ್ತವೆ. ಅದೇ ಗೂಡು.

ಹೆಣ್ಣು ಅಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸಾವಿರಗಟ್ಟಲೆ. ಅವು ಜೇನಿನ ಬಣ್ಣ, ಎಣ್ಣೆಯ ಹನಿ ಇದ್ದ ಹಾಗೆ. ಆದ್ದರಿಂದ ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತವೆ.

ಸ್ವಲ್ಪ ದಿನಕ್ಕೆ ಮರಿಗಳ ಮೈ ಕೆಂಪು ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಎಲ್ಲ ಮರಿಗಳೂ ಒತ್ತೊತ್ತಾಗಿ ಕೂಡಿ ಈಜುತ್ತವೆ. ಉಸಿರಿಗಾಗಿ ಒಟ್ಟಿಗೆ ಮೇಲೆ ಬರುತ್ತವೆ. ಆಗಲೇ ನೀರು ಬುಳುಬುಳು ಎನ್ನುವುದು. ಆ ಹುಡುಗಿ ಕಂಡ ಕುಂಕುಮ ಇದೇ.

ಹಿಂಡಿನ ಕೆಳಗೆ, ಕಣ್ಣಿಗೆ ಕಾಣದಂತೆ, ತಾಯಿ ತಂದೆ ಇರುತ್ತವೆ. ಹಿಂಡು ಹೋದಲ್ಲಿ ಹೋಗುತ್ತವೆ. ಬೇರೆ ಮೀನು, ಕಪ್ಪೆ, ಹಾವು ಹತ್ತಿರ ಬಂದರೆ ಮೇಲೆ ಬೀಳುತ್ತವೆ. ನಾವು ಕೈ ಹಾಕಿದರೂ ಎಗರಿ ಬಂದು ಕಚ್ಚಲೂಬಹುದು. ಕಪ್ಪೆ ನುಂಗುವ ಮೀನು, ಸಣ್ಣ ಮೀನು ನುಂಗುವ ಮೀನು, ತನ್ನ ಮರಿಗಳ ಮುಂದೆ ಹೀಗೆ ಕಾವಲು ನಿಲ್ಲುತ್ತದೆ.

ಈ ಕಾವಲು ಕೆಲವು ವಾರ ಮಾತ್ರ. ಮರಿ ದೊಡ್ಡವಾದ ಹಾಗೆ ಕೆಂಪು ಬಣ್ಣ ಹೋಗುತ್ತದೆ. ಮೈ ಕಪ್ಪಾಗುತ್ತದೆ, ಪಟ್ಟೆ ಬರುತ್ತವೆ. ಆಗ ಹಿಂಡು ಒಡೆಯುತ್ತದೆ. ಒಂದೊಂದೂ ತನ್ನ ದಾರಿ ಹಿಡಿಯುತ್ತದೆ.

ಈಗ ಯೋಚಿಸಿ. ಹಿಂಡು ಕೆಂಪಗೆ ಇರುವುದರಿಂದ ನಮಗೆ ಸುಲಭವಾಗಿ ಕಾಣುತ್ತದೆ. ಹಿಂಡು ಕಂಡಲ್ಲಿ ದೊಡ್ಡ ಮೀನು ಇದೆ ಎಂದು ಹಿಡಿಯುವವರಿಗೆ ಗೊತ್ತು. ಅಲ್ಲಿಯೇ ಗಾಳ ಬಿಡುತ್ತಾರೆ. ತಾಯಿ ತಂದೆ ಸಿಟ್ಟಿನಿಂದ ಗಾಳಕ್ಕೆ ಬಾಯಿ ಹಾಕುತ್ತವೆ. ಅವು ಹೋದವೆಂದರೆ ಮರಿಗಳಿಗೆ ಯಾರೂ ಇಲ್ಲ. ಬೇರೆ ಮೀನುಗಳು ಅವನ್ನು ನುಂಗಿಬಿಡುತ್ತವೆ.

ಲೆಕ್ಕ ಹಾಕೋಣ

ಆಯಿಯ ಮಾತನ್ನು ನಾವು ಲೆಕ್ಕದಿಂದ ನೋಡೋಣ. ಇದು ಕಲಿಯುವುದಕ್ಕೆ ಹಿಡಿದ ಲೆಕ್ಕ. ನಿಮ್ಮ ಸಂತೆಯ ದರ ಹಾಕಿ ನೀವೂ ಮಾಡಿ.

ಒಂದು ಕಿಲೋಗೆ 300 ರೂಪಾಯಿ ಎಂದುಕೊಳ್ಳೋಣ.

ಕಾವಲು ಇದ್ದ ಎರಡು ಮೀನು ಹಿಡಿದೆವು. ಒಂದೊಂದು ಒಂದು ಕಿಲೋ. ಒಟ್ಟು 2 ಕಿಲೋ.
2 × 300 = 600 ರೂಪಾಯಿ.

ಈಗ ಹಿಡಿಯದೆ ಬಿಟ್ಟೆವು. ಹಿಂಡಿನಲ್ಲಿ 1000 ಮರಿ ಇದ್ದವು. ಹತ್ತರಲ್ಲಿ ಒಂದು ಮಾತ್ರ ಉಳಿಯಿತು ಎಂದುಕೊಳ್ಳೋಣ.
1000 ÷ 10 = 100 ಮೀನು.
ಒಂದೊಂದು ಅರ್ಧ ಕಿಲೋ ಬೆಳೆಯಿತು. ಒಟ್ಟು 50 ಕಿಲೋ.
50 × 300 = 15,000 ರೂಪಾಯಿ.

600 ಎಲ್ಲಿ, 15,000 ಎಲ್ಲಿ?

ಮೀನು ಹಿಡಿಯುವುದು ಹಲವರ ಹೊಟ್ಟೆಪಾಡು. ಹಿಡಿಯಲೇಬೇಡಿ ಎಂದು ನಾವು ಹೇಳುವುದಿಲ್ಲ. ಕೆಂಪು ಹಿಂಡು ಇರುವಷ್ಟು ದಿನ ಆ ಜಾಗ ಬಿಡಿ ಎನ್ನುತ್ತೇವೆ. ಬಿತ್ತಿದ ಬೀಜವನ್ನು ಮೊಳಕೆಯಲ್ಲಿ ಕಿತ್ತು ತಿನ್ನುವ ಒಕ್ಕಲಿಗಳು ಯಾರಿದ್ದಾಳೆ?

ಹೊಳೆ ಬಂದಾಗ

ನಮ್ಮ ಕಡೆ ಹೊಳೆ ಬರುವುದು ಹೊಸದಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬುತ್ತವೆ. ಕಲ್ಲೋಳ ಯಡೂರು ನಡುವಿನ ಸೇತುವೆ ಮುಳುಗುತ್ತದೆ. 2005, 2019, 2021ರ ಮಹಾಪೂರ ನಮಗೆಲ್ಲ ನೆನಪಿದೆ. ಮನೆ ಬಿಟ್ಟು, ದನಕರು ಹೊಡೆದುಕೊಂಡು ಹೋದವರು ನಮ್ಮಲ್ಲೇ ಇದ್ದಾರೆ.

ಹೊಳೆ ಬಂದಾಗ ಮೀನುಗಳೂ ಹೊಲಕ್ಕೆ ಬರುತ್ತವೆ. ಕಬ್ಬಿನ ಸಾಲಿನಲ್ಲಿ, ತಗ್ಗಿನಲ್ಲಿ ಉಳಿಯುತ್ತವೆ. ನೀರು ಇಳಿದ ಮೇಲೆ ಆ ತಗ್ಗುಗಳಲ್ಲಿ ಸಿಕ್ಕಿಬೀಳುತ್ತವೆ. ಆಗ ಹಿಡಿಯಲು ಎಲ್ಲರೂ ಮುಂದಾಗುತ್ತಾರೆ. ಮಕ್ಕಳೂ ಓಡುತ್ತಾರೆ.

ಆಗ ಎರಡು ಎಚ್ಚರ ಬೇಕು. ಒಂದು, ಮಕ್ಕಳನ್ನು ಒಬ್ಬರೇ ಕಳಿಸಬೇಡಿ. ಕೆಸರಿನಲ್ಲಿ ಹಾವು ಇರಬಹುದು, ತಗ್ಗಿನ ಆಳ ತಿಳಿಯುವುದಿಲ್ಲ, ಕರೆಂಟಿನ ತಂತಿ ಹರಿದು ಬಿದ್ದಿರಬಹುದು. ಎರಡು, ತಗ್ಗಿನಲ್ಲಿ ಸಣ್ಣ ಮರಿ ಕಂಡರೆ ಕೊಡದಲ್ಲಿ ತುಂಬಿ ಹೊಳೆಗೆ ಇಲ್ಲವೇ ಕೆರೆಗೆ ಬಿಡಿ. ಬಿಸಿಲಿಗೆ ತಗ್ಗು ಬತ್ತಿದರೆ ಅವು ಯಾರಿಗೂ ಸಿಗದೆ ಸಾಯುತ್ತವೆ.

ನೀರಿಗೆ ವಿಷ ಹಾಕಬೇಡಿ

ಕೆಲವರು ಬೇಗ ಮೀನು ಸಿಗಲಿ ಎಂದು ನೀರಿಗೆ ಮದ್ದು ಹಾಕುತ್ತಾರೆ. ಇನ್ನು ಕೆಲವರು ಸಿಡಿಮದ್ದು ಸಿಡಿಸುತ್ತಾರೆ. ದೊಡ್ಡ ಮೀನಿನ ಜೊತೆಗೆ ಮರಿ, ಮೊಟ್ಟೆ, ಕಪ್ಪೆ ಎಲ್ಲ ಸಾಯುತ್ತವೆ. ಆ ನೀರು ಕುಡಿದ ದನ ಸಾಯಬಹುದು. ಆ ಮೀನು ತಿಂದ ಮನುಷ್ಯರಿಗೂ ಅಪಾಯ. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯಬಾರದು ಎಂದು 1897ರಲ್ಲೇ ದೇಶಕ್ಕೆ ಒಂದು ಕಾಯ್ದೆ ಬಂತು. ಕರ್ನಾಟಕವು ಕೆರೆ ಹೊಳೆಗಳ ಮೀನುಗಾರಿಕೆಗೆ 1996ರಲ್ಲಿ ತನ್ನದೇ ಕಾಯ್ದೆ ಮಾಡಿತು. ಹಾಗೆ ಹಿಡಿಯುವುದು ತಪ್ಪು, ಅಪರಾಧ.

ನಮಗೆ ಗೊತ್ತಿಲ್ಲದೆ ನಾವೂ ವಿಷ ಹಾಕುತ್ತೇವೆ. ಹೊಲಕ್ಕೆ ಔಷಧ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುತ್ತೇವೆ. ಔಷಧದ ಖಾಲಿ ಡಬ್ಬಿ ನೀರಿಗೆ ಎಸೆಯುತ್ತೇವೆ. ನಿಪ್ಪಾಣಿ ಕಡೆ ತಂಬಾಕು ಬೆಳೆಯುತ್ತಾರೆ. ತಂಬಾಕಿನಲ್ಲಿ ನಿಕೋಟಿನ್ ಎಂಬ ವಿಷ ಇದೆ. ಮೀನು ಸಾಕುವವರು ಹೊಂಡದ ಬೇಡದ ಮೀನು ಕೊಲ್ಲಲು ತಂಬಾಕಿನ ಪುಡಿಯನ್ನೇ ಹಾಕುವುದುಂಟು. ಹಾಗಿದ್ದ ಮೇಲೆ ತಂಬಾಕಿನ ಧೂಳು, ಕಡ್ಡಿ ಮಡುವಿಗೆ ಬಿದ್ದರೆ ಮೀನಿನ ಮರಿಗೆ ಏನಾಗಬಹುದು, ನೀವೇ ಹೇಳಿ. ಪಂಪನ್ನು ಹೊಲದಲ್ಲೇ ತೊಳೆಯೋಣ. ಧೂಳು, ಕಡ್ಡಿ ನೀರಿನಿಂದ ದೂರ ಇಡೋಣ.

ಸಂತೆಯಲ್ಲಿ ಕೊಳ್ಳುವಾಗ

ಮರಲಿಗೆ ಬೆಲೆ ಹೆಚ್ಚು. ಅದರ ಮಾಂಸದಲ್ಲಿ ಸಣ್ಣ ಮುಳ್ಳು ಇಲ್ಲ. ಮಕ್ಕಳಿಗೆ, ಮುದುಕರಿಗೆ ತಿನ್ನಲು ಸುಲಭ. ಮೈಕಟ್ಟಿಗೆ ಬೇಕಾದ ಪ್ರೋಟೀನು ಮೀನಿನಲ್ಲಿ ಚೆನ್ನಾಗಿದೆ. ಬೆಲೆ ಹೆಚ್ಚು ಇದ್ದಲ್ಲಿ ಮೋಸವೂ ಇರುತ್ತದೆ.

“ಯಕ್ಕಾ, ಇದು ಮರಲ ಹೌದಲ್ರಿ?”

“ಹೌದವಾ, ತಗೋ. ತುಂಡು ಮಾಡಿ ಇಟ್ಟೇನಿ.”

“ತುಂಡು ಬ್ಯಾಡ್ರಿ. ತಲಿ ತೋರಸ್ರಿ. ಚರ್ಮ ತೋರಸ್ರಿ.”

ಹೀಗೆ ಕೇಳಲು ನಾಚಿಕೆ ಬೇಡ. ದುಡ್ಡು ನಮ್ಮದು. ತಲೆಗೆ ಮೀಸೆ ಇದ್ದರೆ, ಮೈಗೆ ಹುರುಪೆ ಇಲ್ಲದೆ ಜಾರುತ್ತಿದ್ದರೆ ಅದು ಮರಲ ಅಲ್ಲ. ಅದು ಮಾಗೂರ ಜಾತಿಯ ಮೀನು ಇರಬಹುದು. ಮಾಗೂರದ ಬಾಯಿ ಸುತ್ತ ನಾಲ್ಕು ಜೋಡಿ ಮೀಸೆ ಇರುತ್ತವೆ. ಅದರಲ್ಲಿಯೂ ಆಫ್ರಿಕಾದಿಂದ ಬಂದ ಮಾಗೂರ ಒಂದಿದೆ. ಅದು ಸಿಕ್ಕದ್ದನ್ನೆಲ್ಲ ತಿನ್ನುತ್ತದೆ. ಹೊಳೆಗೆ ಬಿದ್ದರೆ ನಮ್ಮ ಮೀನಿನ ಕುಲವನ್ನೇ ನುಂಗುತ್ತದೆ. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದೆ. ಯಾರಾದರೂ ಅದರ ಮರಿ ಕೊಡಲು ಬಂದರೆ ಬೇಡ ಎನ್ನಿ.

ಮೈ ಮೇಲೆ ಕೆಂಪು ಹುಣ್ಣು ಇದ್ದ ಮೀನು ಕೊಳ್ಳಬೇಡಿ. 1988ರಲ್ಲಿ ನಮ್ಮ ದೇಶಕ್ಕೆ ಮೀನಿನ ಹುಣ್ಣು ರೋಗ ಬಂತು. ಮರಲಿಗೆ ಅದು ಬೇಗ ತಗಲುತ್ತದೆ. ಬೂಷ್ಟಿನಂಥ ಒಂದು ಸೂಕ್ಷ್ಮ ಜೀವಿಯಿಂದ ಈ ರೋಗ ಬರುತ್ತದೆ. ಮಳೆ ಮುಗಿದು ಚಳಿ ಬೀಳುವಾಗ ಹೆಚ್ಚು. ಹುಣ್ಣಾದ ಮೀನನ್ನು ನೀರಿಗೆ ಎಸೆಯಬಾರದು, ದೂರದಲ್ಲಿ ಹೂಳಬೇಕು.

ಇನ್ನೊಂದು ಮಾತು. ಹೈದರಾಬಾದಿನಲ್ಲಿ ಮಿರಗದ ಹೊತ್ತಿಗೆ ಉಬ್ಬಸ ಇದ್ದವರಿಗೆ ಜೀವಂತ ಮರಲ ಮರಿಯ ಬಾಯಲ್ಲಿ ಔಷಧ ಇಟ್ಟು ನುಂಗಿಸುವ ರೂಢಿ ಇದೆ. ದೂರದೂರದಿಂದ ಜನ ಹೋಗುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಎಂದು ವೈದ್ಯ ವಿಜ್ಞಾನ ತೋರಿಸಿಲ್ಲ. ಉಬ್ಬಸಕ್ಕೆ ಡಾಕ್ಟರು ಕೊಟ್ಟ ಔಷಧವನ್ನು ಬಿಡಬಾರದು.

ಹೊಂಡದಲ್ಲಿ ಸಾಕಬಹುದೇ?

ಸಾಕಬಹುದು. ಆದರೆ ತಿಳಿದು ಸಾಕಬೇಕು. ಕಟ್ಲಾ, ರೋಹು, ಮೃಗಾಲ ಮರಿ ಬಿಟ್ಟ ಹೊಂಡಕ್ಕೆ ಮರಲ ಸೇರಿದರೆ ಆ ಮರಿಗಳನ್ನು ತಿಂದುಹಾಕುತ್ತದೆ. ಹೊಂಡಕ್ಕೆ ನೀರು ಬಿಡುವ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ.

ಮರಲನ್ನೇ ಸಾಕುವುದಾದರೆ ಒಂದೇ ಅಳತೆಯ ಮರಿ ಬಿಡಬೇಕು. ಇಲ್ಲವಾದರೆ ದೊಡ್ಡದು ಸಣ್ಣದನ್ನು ನುಂಗುತ್ತದೆ. ಹೊಂಡದ ಸುತ್ತ ಬಲೆಯ ಬೇಲಿ ಬೇಕು. ಮಳೆಯ ರಾತ್ರಿ ಇದು ಎಗರಿ, ತೆವಳಿ ಹೊರಟುಬಿಡುತ್ತದೆ. ಸ್ತ್ರೀಶಕ್ತಿ ಸಂಘದವರು ಕೂಡಿ ಮಾಡುವ ಮನಸ್ಸು ಇದ್ದರೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಮಾತು ಬರೆದುಕೊಂಡು ಬನ್ನಿ. ಈಗ ನಮಗೆ ಬರೆಯಲು ಬರುತ್ತದಲ್ಲ!

ಮತ್ತೆ ಮಡುವಿನ ಹತ್ತಿರ

ಆ ದಿನ ಸೊಸೆ ಸೆರಗು ಹಾಕಲಿಲ್ಲ. ಕೆಂಪು ಹಿಂಡು ಜೇಕಿನ ಮರೆಗೆ ಹೋಯಿತು. ಮರುದಿನ ಅವಳು ಕಲಿಕೆಯ ಕೇಂದ್ರದಿಂದ ಒಂದು ತುಂಡು ಸೀಮೆಸುಣ್ಣ ತಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

“ಕೆಂಪು ಹಿಂಡು ಕಂಡರ ಕೈ ಹಾಕಬ್ಯಾಡ್ರಿ. ಮರಿ ಅದಾವು.”

ಆಯಿ ಕೇಳಿದಳು, “ಏನ ಬರದಿ, ಓದಿ ಹೇಳು.”

ಸೊಸೆ ಓದಿದಳು. ಹುಡುಗಿಯೂ ಓದಿದಳು. ಆಯಿ ಕಲ್ಲಿನ ಮೇಲೆ ಬೆರಳು ಇಟ್ಟು ಮೆಲ್ಲಗೆ ಕೇಳಿದಳು, “ಇದರಾಗ ಮರಿ ಅನ್ನೂದು ಎಲ್ಲೈತಿ? ನನಗೂ ತೋರಸು.”

ನೆನಪಿಡೋಣ

1. ಹಾವಿನ ತಲೆ, ಮೀಸೆ ಇಲ್ಲದ ಬಾಯಿ, ಹುರುಪೆ, ಉದ್ದ ರೆಕ್ಕೆ, ದುಂಡು ಬಾಲ. ಇವು ಮರಲಿನ ಗುರುತು.
2. ನೀರಿನಲ್ಲಿ ಕೆಂಪು ಹಿಂಡು ಕಂಡರೆ ಅವು ಮರಲಿನ ಮರಿ. ಕೆಳಗೆ ತಾಯಿ ತಂದೆ ಇವೆ.
3. ಹಿಂಡು ಇರುವ ತನಕ ಅಲ್ಲಿ ಬಲೆ, ಗಾಳ, ಸೆರಗು ಬೇಡ.
4. ನೀರಿಗೆ ವಿಷ ಬೇಡ. ಔಷಧದ ಪಂಪು ಹಳ್ಳದಲ್ಲಿ ತೊಳೆಯಬೇಡಿ.
5. ಕೊಳ್ಳುವಾಗ ತಲೆ, ಚರ್ಮ ನೋಡಿ ಕೊಳ್ಳಿ.

ಓದಿ ಉತ್ತರ ಹೇಳಿ

1. ಮರಲ ಮೀನಿಗೆ ನಿಮ್ಮ ಊರಲ್ಲಿ ಏನೆಂದು ಕರೆಯುತ್ತಾರೆ?
2. ಮರಲ ನೀರಿನ ಮೇಲೆ ಯಾಕೆ ಬರುತ್ತದೆ?
3. ಮರಿಗಳು ಹಿಂಡಾಗಿ ಯಾಕೆ ಇರುತ್ತವೆ? ದೊಡ್ಡವಾದ ಮೇಲೆ ಏನಾಗುತ್ತದೆ?
4. ತಾಯಿ ತಂದೆ ಮೀನನ್ನು ಹಿಡಿದರೆ ಮರಿಗಳಿಗೆ ಏನಾಗುತ್ತದೆ?
5. ನಿಮ್ಮ ಊರ ಮಡು, ಕೆರೆಯ ಹತ್ತಿರ ಬರೆಯಲು ಒಂದು ಸಾಲು ನೀವೇ ಮಾಡಿ. ನಿಮ್ಮ ಕೈಯಿಂದಲೇ ಬರೆಯಿರಿ.

ಪದಗಳ ಅರ್ಥ

ಕಿವಿರು: ಮೀನು ಉಸಿರಾಡುವ ಅಂಗ
ಹುರುಪೆ: ಮೀನಿನ ಮೈ ಮೇಲಿನ ಬಿಲ್ಲೆಯಂಥ ಪದರು
ಮಡು: ಹೊಳೆಯಲ್ಲಿ ಅಥವಾ ಅದರ ಮಗ್ಗುಲಲ್ಲಿ ನೀರು ನಿಂತ ಆಳದ ಜಾಗ
ಹೊಂಚು: ಅಡಗಿ ಕಾಯುವುದು
ಮಹಾಪೂರ: ದೊಡ್ಡ ನೆರೆ